ಇಳಿಯುವ ವಿಮಾನದಲ್ಲಿ ಇಂಜಿನು ಬಲಗುಂದಿದಾಗ

ಆಕಾಶದಲ್ಲಿ ಇಂಜಿನು ನಿಂತುಹೋದ ವಿಮಾನವು ಕೈಬಿಟ್ಟ ಕಲ್ಲಿನಂತೆ ನೆಟ್ಟಗೆ ಕೆಳಗೆ ಬೀಳುವುದೆಂಬ ನಂಬಿಕೆ ನಮ್ಮ ಜನರಲ್ಲಿ ಬಹಳವಾಗಿದೆ. ಓದಿದವರೂ ಇದಕ್ಕೆ ಹೊರತಾಗಿಲ್ಲ. ಆದರೆ ವಿಮಾನವನ್ನು ಗಾಳಿಯಲ್ಲಿ ಎತ್ತಿ ಹಿಡಿಯುವ ಕೆಲಸ ರೆಕ್ಕೆಯದು. ರೆಕ್ಕೆಯ ಮೇಲೂ ಕೆಳಗೂ ಗಾಳಿಯು ಸಾಕಷ್ಟು ವೇಗದಿಂದ ಹರಿಯುತ್ತಿರುವ ತನಕ ಅದು ತನ್ನ ಕೆಲಸವನ್ನು ಬಿಡುವುದಿಲ್ಲ. ಇಂಜಿನು ಆ ವೇಗವನ್ನು ಒದಗಿಸುವ ಆಳು ಮಾತ್ರ. ಆಳು ಕೆಲಸ ಬಿಟ್ಟರೆ ಎತ್ತರವನ್ನು ಖರ್ಚು ಮಾಡಿ ವೇಗವನ್ನು ಕೊಳ್ಳಬಹುದು. ಎಲ್ಲಮ್ಮನ ಗುಡ್ಡದಿಂದ ಸವದತ್ತಿಯ ಕಡೆಗೆ ಸೈಕಲ್ಲಿನ ಮೇಲೆ ಇಳಿದು ಬರುವವನು ಪೆಡಲು ತುಳಿಯುವುದೇ ಇಲ್ಲ. ಗುಡ್ಡದ ಎತ್ತರವೇ ಅವನನ್ನು ಓಡಿಸುತ್ತದೆ. ವಿಮಾನದ ಮಾತೂ ಹಾಗೆಯೇ. ಕಲಿಯುವವರು ಹೆಚ್ಚಾಗಿ ಬಳಸುವ ಸೆಸ್ನಾ 172 ಎಂಬ ನಾಲ್ಕು ಆಸನದ ಸಣ್ಣ ವಿಮಾನವು ಇಂಜಿನಿನ ಸಹಾಯವಿಲ್ಲದೆ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಸಾಗುತ್ತದೆ. ಮೂರು ಸಾವಿರ ಅಡಿ ಎತ್ತರದಲ್ಲಿ ಇಂಜಿನು ನಿಂತರೆ ಎಂಟು ಕಿಲೋಮೀಟರು ಸಾಗುವಷ್ಟು ಬಂಡವಾಳ ವೈಮಾನಿಕನ ಕೈಯಲ್ಲಿರುತ್ತದೆ. ಅಷ್ಟರಲ್ಲಿ ಅವನು ಯೋಚಿಸಬಹುದು, ಬಯಲನ್ನು ಹುಡುಕಬಹುದು, ಇಂಜಿನನ್ನು ಮತ್ತೆ ಚಾಲೂ ಮಾಡಲು ಯತ್ನಿಸಬಹುದು.

ಹಾಗಾದರೆ ಭಯವೆಲ್ಲಿ? ನೆಲಕ್ಕೆ ಇಳಿಯಲು ಬರುತ್ತಿರುವಾಗ. ಆಗ ಎತ್ತರವೂ ಇಲ್ಲ, ವೇಗವೂ ಹೆಚ್ಚಿಲ್ಲ. ಎರಡು ಗಂಟುಗಳೂ ಒಮ್ಮೆಲೇ ಬರಿದಾಗಿರುತ್ತವೆ. ಈ ಲೇಖನದ ವಿಷಯ ಆ ಎರಡು ಮೂರು ನಿಮಿಷಗಳದ್ದು.

ಕಲಾ ಕಾಲೇಜಿನ ಸಂಚಿಕೆಯಲ್ಲಿ ವಿಮಾನದ ಇಂಜಿನಿಗೇನು ಕೆಲಸವೆಂದು ಕೇಳುವವರಿದ್ದಾರೆ. ಅವರಿಗೆ ಒಂದೇ ಉತ್ತರ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆಯು ಬೆಳಗಾವಿಯ ಹತ್ತಿರ ಸಾಂಬ್ರಾದಲ್ಲಿ ಕಟ್ಟಿದ ವಿಮಾನ ನಿಲ್ದಾಣದಲ್ಲಿ ಈಚೆಗೆ ವಿಮಾನ ಚಾಲನೆ ಕಲಿಸುವ ಶಾಲೆಗಳು ಬಂದಿವೆ. ನಮ್ಮ ಜಿಲ್ಲೆಯ ಹೊಲಗಳ ಮೇಲೆ ನಮ್ಮ ವಯಸ್ಸಿನ ಹುಡುಗ ಹುಡುಗಿಯರೇ ಹಾರುತ್ತಿದ್ದಾರೆ. 2023ರ ಮೇ ತಿಂಗಳಲ್ಲಿ ಸಾಂಬ್ರಾದಿಂದ ಎದ್ದ ಒಂದು ತರಬೇತಿ ವಿಮಾನವು ದೋಷ ಕಾಣಿಸಿಕೊಂಡುದರಿಂದ ಹೊನ್ನಿಹಾಳದ ಹತ್ತಿರ ಹೊಲದಲ್ಲಿಯೇ ಇಳಿಯಬೇಕಾಯಿತು. ಕಲಿಸುವವರು, ಕಲಿಯುವವರು ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಉಳಿದರು. ಹೊಲದಲ್ಲಿ ಬಿದ್ದೂ ಇಬ್ಬರು ಬದುಕಿದರೆಂದರೆ ಅದನ್ನು ದೈವಕೃಪೆಯೆಂದು ಹೇಳಿ ಮುಗಿಸುವುದು ನಮ್ಮಲ್ಲಿ ವಾಡಿಕೆ. ಅದರ ಹಿಂದೆ ಒಂದು ಶಾಸ್ತ್ರವೂ ಇದೆ.

ಮೊದಲು ಇಳಿಯುವ ಕ್ರಮವನ್ನು ತಿಳಿದುಕೊಳ್ಳೋಣ. ಸಣ್ಣ ವಿಮಾನವು ರನ್‌ವೇಗೆ ಸಮಾನಾಂತರವಾಗಿ ಸುಮಾರು ಸಾವಿರ ಅಡಿ ಎತ್ತರದಲ್ಲಿ ಗಾಳಿ ಬೀಸುವ ದಿಕ್ಕಿಗೇ ಸಾಗುತ್ತದೆ. ರನ್‌ವೇಯ ತುದಿಯನ್ನು ದಾಟಿದ ಮೇಲೆ ವೈಮಾನಿಕನು ಥ್ರಾಟಲನ್ನು ಹಿಂದಕ್ಕೆ ಎಳೆಯುತ್ತಾನೆ. ಎಂದರೆ ಇಂಜಿನಿಗೆ ಹೋಗುವ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಕಡಿಮೆ ಮಾಡುತ್ತಾನೆ. ಸಪ್ಪಳ ತಗ್ಗುತ್ತದೆ, ಮೂಗು ಬಾಗುತ್ತದೆ. ಆಮೇಲೆ ಎರಡು ಸಲ ತಿರುಗಿ, ಗಾಳಿಗೆ ಎದುರಾಗಿ ರನ್‌ವೇಯ ನೇರಕ್ಕೆ ಬರುತ್ತಾನೆ. ಇಷ್ಟು ಹೊತ್ತು ಇಂಜಿನು ಅರೆನಿದ್ದೆಯಲ್ಲಿರುತ್ತದೆ. ಅಪಾಯದ ಬೀಜ ಇಲ್ಲಿಯೇ ಇದೆ. ದುಡಿಯುತ್ತಿರುವ ಎತ್ತು ಕುಂಟಿದರೆ ಒಕ್ಕಲಿಗನಿಗೆ ಕೂಡಲೇ ಗೊತ್ತಾಗುತ್ತದೆ. ಗೋದಲಿಯ ಮುಂದೆ ಮಲಗಿದ ಎತ್ತಿನ ಕಾಲು ನೊಂದಿದೆಯೆಂಬುದು ಎಬ್ಬಿಸಿದಾಗಲೇ ತಿಳಿಯುವುದು. ಮಂದಗತಿಯಲ್ಲಿರುವ ಇಂಜಿನು ಸತ್ತಿದೆಯೋ ಬದುಕಿದೆಯೋ ಎಂಬುದು ಕೂಡ, ಎತ್ತರ ಸಾಲದೆಂದು ಥ್ರಾಟಲನ್ನು ಮುಂದಕ್ಕೆ ನೂಕಿದ ಕ್ಷಣದಲ್ಲಿ ತಿಳಿಯುತ್ತದೆ. ಆಗ ನೆಲ ಮುನ್ನೂರೋ ನಾನ್ನೂರೋ ಅಡಿ ಕೆಳಗಿರುತ್ತದೆ.

ಇಂಜಿನು ಹೀಗೆ ಒಳಗೊಳಗೇ ಸೊರಗುವುದಕ್ಕೆ ಹಲವು ಕಾರಣಗಳುಂಟು. ಅವುಗಳಲ್ಲಿ ಅತ್ಯಂತ ಕಪಟಿಯಾದುದು ಮಂಜುಗಡ್ಡೆ. ಬೆಳಗಾವಿಯಲ್ಲಿ ಮಂಜುಗಡ್ಡೆಯೇ? ಎಂದು ನಗಬೇಡಿರಿ. ಹಿಮಾಲಯದ ಮಾತನ್ನು ನಾನು ಹೇಳುತ್ತಿಲ್ಲ. ಆಷಾಢ ಶ್ರಾವಣಗಳಲ್ಲಿ, ಅಂಗಳದಲ್ಲಿ ಅರಿವೆ ಒಣಗದ ಒಂದು ದಿನದ ಮಾತು ಇದು.

ಪೆಟ್ರೋಲು ಇಂಜಿನಿನಲ್ಲಿ ಉರಿಯಬೇಕಾದರೆ ಅದು ಆವಿಯಾಗಿ ಗಾಳಿಯೊಡನೆ ಬೆರೆಯಬೇಕು. ಈ ಬೆರಕೆಯನ್ನು ಮಾಡುವ ಸಾಧನಕ್ಕೆ ಕಾರ್ಬುರೇಟರು ಎಂದು ಹೆಸರು. ನಮ್ಮ ಹಳೆಯ ಮೋಟರ್ ಸೈಕಲ್ಲುಗಳಲ್ಲಿ ಇದು ಇದ್ದೇ ಇತ್ತು. 2020ರ ಏಪ್ರಿಲಿನಿಂದ ಹೊಗೆಯ ನಿಯಮ ಬಿಗಿಯಾದ ಮೇಲೆ ಹೊಸ ಗಾಡಿಗಳಲ್ಲಿ ಅದರ ಸ್ಥಳಕ್ಕೆ ಇಂಧನವನ್ನು ಚಿಮ್ಮಿಸುವ ಬೇರೆ ಏರ್ಪಾಡು ಬಂದಿದೆ. ಕಾರ್ಬುರೇಟರು ಬಿಚ್ಚಿ ತೊಳೆಯುವ ಮೇಸ್ತ್ರಿಗಳ ಕೆಲಸವೂ ಅದರೊಂದಿಗೆ ಕಡಿಮೆಯಾಗಿದೆ. ಇರಲಿ. ಕಾರ್ಬುರೇಟರಿನ ನಡುವೆ ಒಂದು ಇಕ್ಕಟ್ಟಾದ ಕೊರಳಿದೆ. ಆಣೆಕಟ್ಟು ಆಗುವ ಮೊದಲು ನವಿಲುತೀರ್ಥದ ಬಳಿ ಮಲಪ್ರಭೆಯು ಎರಡು ಗುಡ್ಡಗಳ ನಡುವಿನ ಕಿರಿದಾದ ಕಂಡಿಯಲ್ಲಿ ನುಗ್ಗಿ ಹರಿಯುತ್ತಿದ್ದಳು. ಅಗಲವಾಗಿ ಬಂದ ನೀರು ಕಿರಿದಾದ ಸ್ಥಳದಲ್ಲಿ ಹಾಯಬೇಕಾದರೆ ಜೋರಾಗಲೇಬೇಕು. ಕಾರ್ಬುರೇಟರಿನ ಕೊರಳಲ್ಲಿ ಗಾಳಿಗೂ ಇದೇ ಗತಿ. ಗಾಳಿಯ ವೇಗ ಹೆಚ್ಚಿದಲ್ಲಿ ಅದರ ಒತ್ತಡ ಇಳಿಯುತ್ತದೆ. ಒತ್ತಡ ಇಳಿದಲ್ಲಿ ಪೆಟ್ರೋಲು ಹೀರಲ್ಪಟ್ಟು ತುಂತುರಾಗಿ ಚಿಮ್ಮಿ ಆವಿಯಾಗುತ್ತದೆ.

ಆವಿಯಾಗುವ ದ್ರವವು ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ಸೂಜಿ ಚುಚ್ಚುವ ಮುಂಚೆ ಡಾಕ್ಟರರು ತೋಳಿಗೆ ಸ್ಪಿರಿಟ್ಟು ಹಚ್ಚಿದಾಗ ತಣ್ಣಗಾಗುವುದು ಇದರಿಂದಲೇ. ಬೇಸಿಗೆಯಲ್ಲಿ ಮಣ್ಣಿನ ಕೊಡದ ನೀರು ತಂಪಾಗಿರುವುದೂ ಇದರಿಂದಲೇ. ಕಾರ್ಬುರೇಟರಿನಲ್ಲಿ ಒತ್ತಡ ಇಳಿದುದರಿಂದ ಒಂದಿಷ್ಟು, ಪೆಟ್ರೋಲು ಆವಿಯಾದುದರಿಂದ ಇನ್ನಷ್ಟು, ಹೀಗೆ ಉಷ್ಣತೆಯು ಇಪ್ಪತ್ತರಿಂದ ಮೂವತ್ತು ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗಿಳಿಯಬಲ್ಲುದು. ಹೊರಗೆ 22 ಡಿಗ್ರಿ ಇದ್ದರೆ ಕೊರಳೊಳಗೆ ಸೊನ್ನೆಗೂ ಕೆಳಗೆ ಹೋಗಬಹುದು. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತೇವವು ಕೊರಳ ಗೋಡೆಗೂ ಥ್ರಾಟಲಿನ ತಟ್ಟೆಗೂ ಹಿಮವಾಗಿ ಅಂಟುತ್ತದೆ. ಥ್ರಾಟಲನ್ನು ಎಳೆದಾಗ ತಟ್ಟೆ ಬಹುಮಟ್ಟಿಗೆ ಮುಚ್ಚಿಕೊಂಡು ಸಣ್ಣದೊಂದು ಸಂದು ಉಳಿದಿರುತ್ತದೆ. ಆ ಸಂದನ್ನು ಕಟ್ಟಲು ಎಷ್ಟು ಮಂಜು ಬೇಕು? ಎತ್ತರದಲ್ಲಿ ಪೂರ್ಣಬಲದಿಂದ ಹಾರುವಾಗ ಲೆಕ್ಕಕ್ಕೆ ಬಾರದಷ್ಟು ಮಂಜು ಇಳಿಯುವಾಗ ಇಂಜಿನಿನ ಉಸಿರನ್ನೇ ಕಟ್ಟಬಲ್ಲುದು.

ಹೊರಗಿನ ಉಷ್ಣತೆ 21 ಡಿಗ್ರಿಗೂ ಕಡಿಮೆಯಿದ್ದು ಗಾಳಿಯ ಆರ್ದ್ರತೆ ಶೇಕಡಾ 80ಕ್ಕೂ ಮೇಲಿದ್ದಾಗ ಈ ಅಪಾಯ ಅತಿ ಹೆಚ್ಚು ಎಂದು ವೈಮಾನಿಕರ ಪಠ್ಯಗಳಲ್ಲಿ ಹೇಳಿದೆ. ಇಂಜಿನು ಮಂದಗತಿಯಲ್ಲಿದ್ದಾಗ 30 ಡಿಗ್ರಿಯಲ್ಲಿಯೂ ಅದು ತಪ್ಪಿದ್ದಲ್ಲ. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಸಹ್ಯಾದ್ರಿಯ ಮೋಡಗಳು ಮಳೆಗಾಲದುದ್ದಕ್ಕೂ ಅದರ ಮೇಲೆಯೇ ಹಾಯುತ್ತವೆ. ಜುಲೈ ಆಗಸ್ಟುಗಳಲ್ಲಿ ಅಲ್ಲಿನ ಹವೆ ಈ ಅಂಕಿಗಳಿಗೆ ಅಳತೆ ಮಾಡಿ ಹೊಲಿದ ಅಂಗಿಯಂತೆ ಹೊಂದುತ್ತದೆ. ಅದೇ ಹೊತ್ತಿಗೆ ಬೆಳವಲದ ಸೆರಗಿನ ನಮ್ಮ ಊರಲ್ಲಿ ಬಿಸಿಲು ಬಿದ್ದಿರಬಹುದು. ತೊಂಬತ್ತು ಕಿಲೋಮೀಟರಿನ ಅಂತರದಲ್ಲಿ ಒಂದೇ ಇಂಜಿನು ಎರಡು ಬೇರೆ ಹವೆಗಳನ್ನು ಉಸಿರಾಡುತ್ತದೆ.

ಇದಕ್ಕೆ ಮದ್ದು ಬಹು ಹಿಂದೆಯೇ ದೊರೆತಿದೆ. ವೈಮಾನಿಕನ ಮುಂದೆ ಒಂದು ಗುಂಡಿಯಿರುತ್ತದೆ. ಅದನ್ನು ಎಳೆದರೆ ಹೊರಗಿನ ತಣ್ಣನೆಯ ಗಾಳಿಯ ಬದಲು, ಇಂಜಿನಿನ ಹೊಗೆಕೊಳವೆಯ ಸುತ್ತಲೂ ಸುಳಿದು ಕಾದ ಗಾಳಿಯು ಕಾರ್ಬುರೇಟರಿಗೆ ಹೋಗಿ ಮಂಜನ್ನು ಕರಗಿಸುತ್ತದೆ. ಮದ್ದು ಸುಲಭ, ಅದನ್ನು ಕೊಡುವ ಹೊತ್ತು ಮಾತ್ರ ಸುಲಭವಲ್ಲ. ಥ್ರಾಟಲನ್ನು ಎಳೆದು ಸ್ವಲ್ಪ ಹೊತ್ತಾದ ಮೇಲೆ ಹೊಗೆಕೊಳವೆಯೇ ಆರತೊಡಗುತ್ತದೆ. ಆರಿದ ಒಲೆಯ ಮೇಲೆ ನೀರು ಕಾಯುವುದೆಂತು? ಆದುದರಿಂದ ಬಲವನ್ನು ತಗ್ಗಿಸುವ ಮುಂಚೆಯೇ, ಇಂಜಿನು ಬಿಸಿಯಾಗಿರುವಾಗಲೇ, ಗುಂಡಿಯನ್ನು ಎಳೆಯಬೇಕೆಂದು ಕಲಿಸುತ್ತಾರೆ.

ಇನ್ನೊಂದು ತೊಡಕನ್ನು ನೋಡಿರಿ. ಕಾದ ಗಾಳಿ ತೆಳ್ಳಗಿರುತ್ತದೆ. ಅದರಿಂದ ಇಂಜಿನಿನ ಬಲ ಹತ್ತರಲ್ಲೊಂದು ಪಾಲಿನಷ್ಟು ಇಳಿಯುತ್ತದೆ. ಅದರ ಮೇಲೆ ಕರಗಿದ ಮಂಜು ನೀರಾಗಿ ಸಿಲಿಂಡರಿಗೆ ಹೋಗುವಾಗ ಇಂಜಿನು ಕೆಮ್ಮುತ್ತದೆ, ನಡುಗುತ್ತದೆ. ಹೊಸಬನು ಹೆದರಿ ‘ಗುಂಡಿ ಎಳೆದುದರಿಂದಲೇ ಕೆಟ್ಟಿತು’ ಎಂದು ಅದನ್ನು ಮತ್ತೆ ಒಳಗೆ ತಳ್ಳುತ್ತಾನೆ. ಕರಗುತ್ತಿದ್ದ ಮಂಜು ಮತ್ತೆ ಕಟ್ಟುತ್ತದೆ. ಕಹಿ ಕಷಾಯದ ಮೊದಲ ಗುಟುಕಿಗೆ ವಾಂತಿಯಾಯಿತೆಂದು ಕಷಾಯವನ್ನೇ ಚೆಲ್ಲಿದ ಹಾಗೆ. ತಾಳ್ಮೆಯಿಂದ ಕೆಲವು ಸೆಕೆಂಡು ಕಾಯ್ದರೆ ಕೆಮ್ಮು ನಿಂತು, ಪಂಖದ ಸುತ್ತುಗಳು ತಾವಾಗಿಯೇ ಏರುತ್ತವೆ. ಆ ಏರಿಕೆಯೇ ಒಳಗೆ ಮಂಜು ಇತ್ತೆಂಬುದಕ್ಕೆ ಸಾಕ್ಷಿ. ಈ ಸಾಕ್ಷಿಯೂ ನೆಲ ಮುಟ್ಟುವ ಹೊತ್ತಿಗೆ ಕರಗಿ ಹೋಗಿರುತ್ತದೆ. ಬಿದ್ದ ವಿಮಾನವನ್ನು ಬಿಚ್ಚಿ ನೋಡಿದವರಿಗೆ ಇಂಜಿನಿನಲ್ಲಿ ಯಾವ ದೋಷವೂ ಕಾಣದಿರುವುದು ಇದೇ ಕಾರಣದಿಂದ. ಕಪಟಿಯೆಂದು ನಾನು ಕರೆದುದು ಸುಮ್ಮನೆ ಅಲ್ಲ.

ಎಲ್ಲ ವಿಮಾನಗಳಿಗೂ ಈ ರೋಗವಿಲ್ಲ. ಸೆಸ್ನಾ 152ರಲ್ಲಿ ಕಾರ್ಬುರೇಟರು ಇದೆ. 1996ರಿಂದ ಈಚೆಗೆ ತಯಾರಾದ ಪೆಟ್ರೋಲಿನ ಸೆಸ್ನಾ 172ರಲ್ಲಿ ಇಲ್ಲ. ನಮ್ಮ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರಚಿತವಾಗಿ 1951ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ ಎಚ್.ಟಿ.-2 ವಿಮಾನದ್ದೂ ಕಾರ್ಬುರೇಟರಿನ ಇಂಜಿನೇ. ಜರ್ಮನಿಯ ಗಟಿಂಗೆನ್ನಿನಲ್ಲಿ ಪ್ರಾಂಟ್ಲ್ ಅವರಂಥ ಆಚಾರ್ಯರ ಬಳಿ ಕಲಿತು ಬಂದ ಘಾಟಗೆಯವರು ನಮ್ಮ ಗಡಿಯಾಚೆಯ ಕೊಲ್ಹಾಪುರ ಸೀಮೆಯವರೆಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು.

ಉಳಿದ ಕಾರಣಗಳನ್ನು ಬೇಗನೆ ಹೇಳಿಬಿಡುತ್ತೇನೆ. ಪೆಟ್ರೋಲು ತೀರುವುದು; ಒಂದು ಟಾಕಿ ಬರಿದಾಗಿ ಇನ್ನೊಂದು ತುಂಬಿದ್ದರೂ ಕೀಲಿಯನ್ನು ತಿರುಗಿಸಲು ಮರೆಯುವುದು; ರಾತ್ರಿ ಅರ್ಧ ತುಂಬಿದ ಟಾಕಿಯೊಳಗೆ ಇಬ್ಬನಿಗಟ್ಟಿ ಪೆಟ್ರೋಲಿನ ತಳದಲ್ಲಿ ನೀರು ನಿಲ್ಲುವುದು. ಇವೆಲ್ಲ ಮನುಷ್ಯನ ಅಲಕ್ಷ್ಯದ ಮಾತುಗಳು. ಹಾರುವ ಮುಂಚೆ ಟಾಕಿಯ ತಳದಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನ ಬಟ್ಟಲಿಗೆ ಬಸಿದು ನೋಡಿದರೆ ನೀರು ಕೆಳಗೆ ಗುಳ್ಳೆಯಾಗಿ ನಿಂತು ಕಾಣುತ್ತದೆ. ಇಷ್ಟು ಸಣ್ಣ ಕೆಲಸವನ್ನು ಬೇಸರಿಸುವವನು ಹಾರುವ ಗೊಡವೆಗೆ ಹೋಗಬಾರದು.

ಈಗ ಇಂಜಿನು ಬಲಗುಂದಿತೆಂದೇ ತಿಳಿಯೋಣ. ಮುಂದೇನು? ಇಲ್ಲಿ ಸ್ವಲ್ಪ ಗಣಿತ ಬೇಕು. ಕಲಾ ವಿಭಾಗದ ಮಿತ್ರರು ಬೇಸರಿಸಬಾರದು. ದೊಡ್ಡ ನಿಲ್ದಾಣಗಳಲ್ಲಿ ವಿಮಾನಗಳು ಮೂರು ಡಿಗ್ರಿಯ ಇಳಿಜಾರಿನಲ್ಲಿ ಬರುತ್ತವೆ. ಮೂರು ಡಿಗ್ರಿಯೆಂದರೆ ಒಂದು ಅಡಿ ಇಳಿಯಲು ಹತ್ತೊಂಬತ್ತು ಅಡಿ ಮುಂದೆ ಸಾಗಬೇಕು. ಇಂಜಿನು ಸತ್ತ ಸಣ್ಣ ವಿಮಾನವಾದರೋ ಒಂದು ಅಡಿಗೆ ಒಂಬತ್ತೇ ಅಡಿ ಸಾಗಬಲ್ಲದೆಂದು ಮೇಲೆ ಹೇಳಿದೆ. ಐನೂರು ಅಡಿ ಎತ್ತರದಲ್ಲಿ, ಮೂರು ಡಿಗ್ರಿಯ ದಾರಿಯಲ್ಲಿರುವವನಿಗೆ ರನ್‌ವೇ ಇನ್ನೂ 9,500 ಅಡಿ ದೂರವಿದೆ. ಅವನ ವಿಮಾನ ತಲಪುವುದು 4,500 ಅಡಿಯ ತನಕ. ಎದುರುಗಾಳಿ ಇದ್ದರೆ ಅದೂ ಇಲ್ಲ. ಅರ್ಧ ದಾರಿಯೂ ಸಾಗದೆ, ಒಂದೂವರೆ ಕಿಲೋಮೀಟರು ಇತ್ತಲಾಗಿಯೇ ಅವನು ನೆಲ ಮುಟ್ಟಬೇಕು. ಹಿಂದಿನ ಕಾಲದ ವೈಮಾನಿಕರು ಇದನ್ನು ಬಲ್ಲವರಾಗಿದ್ದರು. ಅವರು ರನ್‌ವೇಗೆ ಹತ್ತಿರದಲ್ಲಿಯೇ ತಿರುಗಿ, ಎತ್ತರದಿಂದ ಕಡಿದಾಗಿ, ಇಂಜಿನಿನ ನೆರವು ಬೇಡದ ಹಾಗೆ ಇಳಿಯುತ್ತಿದ್ದರು. ದೊಡ್ಡ ವಿಮಾನಗಳ ಶಿಸ್ತನ್ನು ಮೊದಲಿನಿಂದಲೇ ರೂಢಿಸಬೇಕೆಂದು ಈಗಿನ ಕೆಲವು ಬೋಧಕರು ಸಣ್ಣ ವಿಮಾನವನ್ನೂ ದೂರದಿಂದ, ಕೆಳಗಿನಿಂದ ಎಳೆದು ತರಿಸುತ್ತಾರೆ. ಎರಡು ಪಕ್ಷಕ್ಕೂ ವಾದವಿದೆ. ಒಂದೇ ಇಂಜಿನಿನ ವಿಮಾನಕ್ಕೆ ಹಳಬರ ಪದ್ಧತಿಯೇ ಮೇಲೆಂದು ಮೇಲಿನ ಲೆಕ್ಕವೇ ಹೇಳುತ್ತದೆಯೆಂದು ನನಗೆ ತೋರುತ್ತದೆ.

ರನ್‌ವೇ ಕಣ್ಣೆದುರಿಗಿದೆ, ಆದರೆ ವಿಮಾನ ಅಲ್ಲಿಗೆ ತಲಪುವುದಿಲ್ಲ. ಈ ಘಳಿಗೆಯಲ್ಲಿ ಮನುಷ್ಯನ ಕೈ ಮಾಡುವ ಸಹಜ ಕೆಲಸವೆಂದರೆ ಮೂಗನ್ನು ಮೇಲಕ್ಕೆ ಎಳೆಯುವುದು. ಮೂಗು ಎತ್ತಿದರೆ ಇನ್ನೂ ದೂರ ಹೋದೀತೆಂದು ಕಣ್ಣು ಹೇಳುತ್ತದೆ. ಕಣ್ಣಿನ ಮಾತು ಸುಳ್ಳು. ಮೂಗು ಎತ್ತಿದೊಡನೆ ವೇಗ ಇಳಿಯುತ್ತದೆ. ವೇಗ ಗಂಟೆಗೆ 90 ಕಿಲೋಮೀಟರಿನ ಆಸುಪಾಸಿಗೆ ಬಂದಾಗ ಗಾಳಿಯು ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಚದರಿಹೋಗುತ್ತದೆ, ರೆಕ್ಕೆ ತನ್ನ ಎತ್ತುಬಲವನ್ನು ಕಳೆದುಕೊಳ್ಳುತ್ತದೆ. ಇದಕ್ಕೆ ‘ಸ್ಟಾಲ್’ ಎಂದು ಹೆಸರು. ಜನರು ತಿಳಿದಂತೆ ವಿಮಾನ ಕಲ್ಲಿನಂತೆ ಬೀಳುವುದು ಈಗ. ಇನ್ನೂರು ಅಡಿಯಲ್ಲಿ ಹೀಗಾದರೆ ಸುಧಾರಿಸಿಕೊಳ್ಳಲು ಸ್ಥಳವಿಲ್ಲ. ಆದುದರಿಂದ ಇಂಜಿನು ನಿಂತವನು ಮನಸ್ಸಿಗೆ ವಿರುದ್ಧವಾಗಿ ಮೂಗನ್ನು ಬಾಗಿಸಬೇಕು. ಗಂಟೆಗೆ 120 ಕಿಲೋಮೀಟರಿನ ವೇಗವನ್ನು ಕಾಯ್ದುಕೊಳ್ಳಬೇಕು. ರನ್‌ವೇಯ ಆಸೆಯನ್ನು ಬಿಡಬೇಕು.

ತಿರುಗಿ ಹೋಗುವ ಆಸೆಯೂ ಅಷ್ಟೇ ಕೆಟ್ಟದು. ವಿಮಾನವನ್ನು ವಾಲಿಸಿ ತಿರುಗಿಸುವಾಗ ರೆಕ್ಕೆಯ ಮೇಲೆ ಭಾರ ಹೆಚ್ಚುತ್ತದೆ. 45 ಡಿಗ್ರಿ ವಾಲಿದರೆ 90ರಲ್ಲಿ ಆಗುವ ಸ್ಟಾಲ್ 107ರಲ್ಲಿಯೇ ಆಗುತ್ತದೆ. 60 ಡಿಗ್ರಿ ವಾಲಿದರೆ 127ರಲ್ಲಿ. ಅವನು ಸಾಗುತ್ತಿರುವುದೇ 120ರಲ್ಲಿ! ಲೆಕ್ಕವನ್ನು ಮುಂದುವರಿಸಬೇಕಾಗಿಲ್ಲ.

ಬಲವಿಲ್ಲದೆ ಇಳಿಯುವ ಈ ಪೀಡೆ ಸಣ್ಣ ವಿಮಾನಗಳದಷ್ಟೇ ಎಂದು ತಿಳಿಯಬಾರದು. 1990ರ ಫೆಬ್ರುವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ಎ-320 ವಿಮಾನವು ಬೆಂಗಳೂರಿನಲ್ಲಿ ಇಳಿಯುವಾಗ ರನ್‌ವೇಗೆ ಸುಮಾರು 700 ಮೀಟರು ಇತ್ತಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ಅದರಲ್ಲಿದ್ದ 146 ಜನರಲ್ಲಿ 92 ಜನ ತೀರಿಕೊಂಡರು. ಹವೆ ತಿಳಿಯಾಗಿತ್ತು, ಎರಡು ಇಂಜಿನುಗಳೂ ಆರೋಗ್ಯವಾಗಿದ್ದವು. ಆದರೆ ಸ್ವಯಂಚಾಲಿತ ಯಂತ್ರದ ಹೊಂದಿಕೆಯಿಂದಾಗಿ ಅವು ಮಂದಗತಿಯಲ್ಲಿಯೇ ಉಳಿದಿದ್ದವು. ವೇಗವು ಇರಬೇಕಾದುದಕ್ಕಿಂತ ಬಹಳ ಕೆಳಗಿಳಿದುದು ವೈಮಾನಿಕರ ಗಮನಕ್ಕೆ ಬಂದಾಗ ತಡವಾಗಿತ್ತು. ಜೆಟ್ ಇಂಜಿನು ಮಂದಗತಿಯಿಂದ ಪೂರ್ಣಬಲಕ್ಕೆ ಏರಲು ಕೆಲವು ಸೆಕೆಂಡುಗಳನ್ನು ಬೇಡುತ್ತದೆ. ಆ ಸೆಕೆಂಡುಗಳು ಅವರಲ್ಲಿ ಉಳಿದಿರಲಿಲ್ಲ. ಬದುಕಿರುವ ಇಂಜಿನು ಕೂಡ ಬೇಕಾದ ಹೊತ್ತಿಗೆ ಒದಗದಿದ್ದರೆ ಸತ್ತ ಇಂಜಿನಿಗೆ ಸಮ.

ಇದಕ್ಕೆ ಎದುರಾಗಿ ಲಂಡನ್ನಿನ ಸಂಗತಿಯನ್ನು ಇಡಬೇಕು. 2008ರ ಜನವರಿ 17ರಂದು ಬೀಜಿಂಗಿನಿಂದ ಬಂದ ಬೋಯಿಂಗ್ 777 ಹೀಥ್ರೋದಲ್ಲಿ ಇಳಿಯುತ್ತಿದ್ದಾಗ, ಸುಮಾರು 700 ಅಡಿಯಲ್ಲಿ, ಎರಡು ಇಂಜಿನುಗಳೂ ಬಲ ಕೊಡಲೊಲ್ಲದೆ ಹೋದವು. ತಣ್ಣನೆಯ ಆಕಾಶದಲ್ಲಿ ಗಂಟೆಗಟ್ಟಲೆ ಹಾರಿ ಬಂದುದರಿಂದ ಇಂಧನದೊಳಗಿನ ನೀರಿನಂಶ ಹೆಪ್ಪುಗಟ್ಟಿ, ಇಂಧನ ಹರಿಯುವ ಕೊಳವೆಯ ದಾರಿಯನ್ನು ಕಟ್ಟಿತ್ತು. ಇಲ್ಲಿಯೂ ಮಂಜೇ; ಸ್ಥಳ ಮಾತ್ರ ಬೇರೆ. ಮುಖ್ಯ ವೈಮಾನಿಕನು ರೆಕ್ಕೆಯ ಹಿಂದಿನ ಫ್ಲ್ಯಾಪುಗಳನ್ನು ಒಂದು ಮೆಟ್ಟಿಲು ಒಳಗೆ ಸೆಳೆದು ಗಾಳಿಯ ತಡೆಯನ್ನು ಕಡಿಮೆ ಮಾಡಿದನು. ಅಷ್ಟರಿಂದಲೇ ವಿಮಾನವು ಬೇಲಿಯಾಚೆಯ ರಸ್ತೆಯನ್ನು ದಾಟಿ, ರನ್‌ವೇಗೆ ಸುಮಾರು ಮುನ್ನೂರು ಮೀಟರು ಇತ್ತ ಹುಲ್ಲಿನ ಮೇಲೆ ಕುಳಿತಿತು. ಒಳಗಿದ್ದ 152 ಜನರೂ ಬದುಕಿದರು.

ಕೊನೆಗೆ ಹೊಲದ ಮಾತು. ಇದನ್ನು ನಮ್ಮ ಕಡೆಯವರೇ ಚೆನ್ನಾಗಿ ತಿಳಿಯಬಲ್ಲರು. ರನ್‌ವೇ ಸಿಕ್ಕದವನು ಹೊಲವನ್ನು ಆರಿಸಬೇಕು. ನೆಲ ಮುಟ್ಟುವಾಗಿನ ವೇಗ ಇಮ್ಮಡಿಯಾದರೆ ಪೆಟ್ಟಿನ ಬಲ ನಾಲ್ಮಡಿಯಾಗುತ್ತದೆ. ಆದುದರಿಂದ ಗಾಳಿಗೆ ಎದುರಾಗಿ, ಸ್ಟಾಲ್ ಆಗದಷ್ಟೇ ಕಡಿಮೆ ವೇಗದಲ್ಲಿ, ಸಮನಾಗಿ ಕುಳಿತುಕೊಳ್ಳಬೇಕು. ಆಮೇಲೆ ವಿಮಾನ ನಿಲ್ಲಲು ಬೇಕಾದ ದೂರ ಬಹಳವಲ್ಲ. ಗಂಟೆಗೆ 80 ಕಿಲೋಮೀಟರಿನಲ್ಲಿರುವ ವಿಮಾನವು ಒಂದೇ ಸಮನೆ ತಡೆಯುತ್ತ ಮೂರು ಮೀಟರಿನೊಳಗೆ ನಿಂತರೂ, ಪಟ್ಟಿ ಬಿಗಿದುಕೊಂಡ ಮನುಷ್ಯನ ಮೇಲೆ ಬೀಳುವ ಒತ್ತು ಅವನ ಭಾರದ ಒಂಬತ್ತು ಪಟ್ಟು. ಅದನ್ನು ದೇಹ ತಾಳಬಲ್ಲುದು. ಕಲ್ಲುಗೋಡೆಗೆ ಬಡಿದು ಒಮ್ಮೆಲೇ ನಿಂತರೆ ತಾಳಲಾರದು. ರೆಕ್ಕೆ ಮುರಿಯಲಿ, ಗಾಲಿ ಕಿತ್ತು ಹೋಗಲಿ, ಅವು ಮುರಿಯುತ್ತ ಮುರಿಯುತ್ತ ಪೆಟ್ಟನ್ನು ತಾವು ತಿನ್ನುತ್ತವೆ. ವಿಮಾನವನ್ನು ಉಳಿಸಹೋಗಿ ತಾವು ಕೆಟ್ಟವರು ಬಹಳ ಜನ.

ಎಂಥ ಹೊಲ? ಕೊಯ್ಲಾಗಿ ಕೂಳೆ ಉಳಿದ ಜೋಳದ ಹೊಲ ಒಳ್ಳೆಯದು. ಮೊಣಕಾಲುದ್ದದ ಒತ್ತಾದ ಪೈರೂ ಮೆತ್ತನೆಯ ತಡೆಯಾಗುತ್ತದೆ. ಆಳೆತ್ತರದ ಕಬ್ಬು ಬೇಡ. ಅದರ ಮೇಲ್ಗರಿಗಳನ್ನೇ ನೆಲವೆಂದು ಕಣ್ಣು ಭ್ರಮಿಸುತ್ತದೆ. ನೇಗಿಲು ಹೊಡೆದ ಹೊಲವಾದರೆ ಸಾಲಿನ ಗುಂಟವೇ ಇಳಿಯಬೇಕು. ಸಾಲಿಗೆ ಅಡ್ಡವಾಗಿ ಇಳಿದರೆ ಮುಂಗಾಲಿ ಹೆಂಟೆಗೆ ಸಿಕ್ಕಿ ವಿಮಾನ ಲಾಗ ಹಾಕುತ್ತದೆ. ಮಳೆ ಬಿದ್ದ ಎರೆ ಹೊಲದಲ್ಲಿ ಬಂಡಿಯ ಗಾಲಿಯೇ ಹುಗಿಯುವಾಗ ವಿಮಾನದ ಸಣ್ಣ ಗಾಲಿಯ ಪಾಡನ್ನು ಹೇಳಬೇಕಾಗಿಲ್ಲ. ಹತ್ತಿರದಲ್ಲಿ ಮಸಾರಿ ಹೊಲವಿದ್ದರೆ ಅದೇ ಲೇಸು. ಮೇಲಿನಿಂದ ನೋಡುವವನಿಗೆ ಕಪ್ಪು ನೆಲ ಯಾವುದು, ಕೆಂಪು ನೆಲ ಯಾವುದು ಎಂಬುದು ಸ್ಪಷ್ಟವಾಗಿಯೇ ಕಾಣುತ್ತದೆ. ಬದುಗಳೂ ಕಾಣುತ್ತವೆ. ವಿದ್ಯುತ್ ತಂತಿ ಮಾತ್ರ ಕಾಣುವುದಿಲ್ಲ. ಕಂಬಗಳ ಸಾಲನ್ನು ಕಂಡು, ನಡುವೆ ತಂತಿ ಇದ್ದೇ ಇದೆಯೆಂದು ತಿಳಿದುಕೊಳ್ಳಬೇಕು. ಸಾಂಬ್ರಾದ ಸುತ್ತಲಿನ ಭತ್ತದ ಗದ್ದೆಗಳಲ್ಲಿ ಮಳೆಗಾಲದಲ್ಲಿ ನೀರು ನಿಂತಿರುತ್ತದೆ, ಬೇಸಿಗೆಯಲ್ಲಿ ಅವೇ ಗದ್ದೆಗಳು ಗಟ್ಟಿಯಾದ ಬಯಲಾಗುತ್ತವೆ. ಅಲ್ಲಿ ಹಾರುವ ತರುಣನು ತನ್ನ ಯಂತ್ರದ ಪುಸ್ತಕದೊಂದಿಗೆ ಆ ಸೀಮೆಯ ಬೆಳೆಗಳ ಪಂಚಾಂಗವನ್ನೂ ತಿಳಿದಿರಬೇಕಾಗುತ್ತದೆ. ಅದನ್ನು ಅವನು ಯಾವುದಾದರೂ ಬಾಂದಿನ ಮೇಲೆ ಕುಳಿತ ರೈತನಿಂದಲೇ ಕೇಳಿ ಕಲಿಯಬೇಕು.